ಕೋಲಾರದ ಸೀಮೆಯ ತಮಟೆ

ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರವೇ ಮೊದಲಾದ ಕೋಲಾರದ ಸೀಮೆಯ ಊರುಗಳಲ್ಲಿ ಕನ್ನಡವೂ ತೆಲುಗೂ ಕೂಡಿಯೇ ನಡೆಯುತ್ತವೆ. ಕನ್ನಡಿಗರು ತಮಟೆಯೆನ್ನುವ ವಾದ್ಯವು ತೆಲುಗರಿಗೆ ಡಪ್ಪು. ನೆರೆಯ ತಮಿಳರಿಗೆ ಪರೈ. ಹಳಗನ್ನಡದ ‘ಪಱೆ’ಯು ಈ ತಮಿಳು ಶಬ್ದಕ್ಕೆ ಸೋದರಿ. ಪರೈ ಬಾರಿಸುವವರಿಗೆ ಬಂದ ಕುಲದ ಹೆಸರನ್ನೇ ಐರೋಪ್ಯರು ತಮ್ಮ ಭಾಷೆಗಳಿಗೆ ಕೊಂಡೊಯ್ದು, ಬಹಿಷ್ಕೃತನೆಂಬ ಅರ್ಥದಲ್ಲಿ ಬಳಸಿದರು. ಒಂದು ವಾದ್ಯದ ಹೆಸರು ಅಷ್ಟು ದೂರ ನಡೆದು ಇಂತಹ ಅರ್ಥವನ್ನು ಪಡೆದುದು ವಿಚಾರಾರ್ಹವು.

ವಾದ್ಯದ ರಚನೆಯು ಸರಳ. ದುಂಡನೆಯ ಚೌಕಟ್ಟಿಗೆ ಚರ್ಮವನ್ನು ಬಿಗಿದು, ಬೆಂಕಿಯ ಮುಂದೆ ಕಾಯಿಸಿ, ಎರಡು ಕೋಲುಗಳಿಂದ ಬಾರಿಸುವರು. ಕಾಯಿಸಿದ ಹೊರತು ನಾದವೇಳದು. ಕಾವಿಳಿದೊಡನೆ ಮರಳಿ ಬೆಂಕಿಗೊಡ್ಡಬೇಕು. ವಾದನವಾದರೋ ಸರಳವಲ್ಲ. ಆದರೂ ಊರವರು ಇದನ್ನು ವಿದ್ಯೆಯೆಂದು ಎಣಿಸಿದವರಲ್ಲ. ಶವಯಾತ್ರೆಗೆ, ಗ್ರಾಮದೇವತೆಯ ಜಾತ್ರೆಗೆ, ಡಂಗುರಕ್ಕೆ ಮಾದಿಗರ ಮನೆತನಗಳು ಬಾರಿಸಲೇಬೇಕಾಗಿದ್ದಿತು. ತಂದೆಯ ಕೋಲು ಮಗನ ಕೈಗೆ ಬಂದಾಗ ತಾಳದೊಡನೆ ಅವಮಾನವೂ ಬರುತ್ತಿದ್ದಿತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆಯು ಆನುವಂಶಿಕ ಹುದ್ದೆಗಳನ್ನು ತೆಗೆದುಹಾಕಿತು. ರೂಢಿಯನ್ನು ತೆಗೆಯುವುದು ಅದರಿಂದಾಗಲಿಲ್ಲ.

ಈ ನೋವನ್ನು ಹಳೆಯ ಕಾಲದ್ದೆನ್ನಲಾಗದು. ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ ತಿಂಗಳಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ವಿಚಾರಣೆ ಮುಗಿದು ಆರೋಪಿಗಳೆಲ್ಲರೂ ಬಿಡುಗಡೆ ಹೊಂದಿದರು.

ತಲೆಮಾರುಗಳ ಈ ಗಾಯಕ್ಕೆ ಮದ್ದನ್ನರಸಿದವರು ಎರಡು ದಾರಿ ಹಿಡಿದರು. ಕೆಲವರು ತಮಟೆಯನ್ನೇ ತೊರೆದರು: ಅಜ್ಜನು ಬಾರಿಸಿದುದನ್ನು ಮೊಮ್ಮಗನು ಮುಟ್ಟನು. ಇದನ್ನು ಕಲೆಯ ನಷ್ಟವೆಂದು ಹಳಿಯುವುದು, ಎಂದೂ ಹೆಣದ ಮುಂದೆ ಬಾರಿಸಬೇಕಾಗಿಲ್ಲದವರಿಗೆ ಬಹಳ ಸುಲಭ. ಮತ್ತೆ ಕೆಲವರು ವಾದ್ಯವನ್ನುಳಿಸಿಕೊಂಡು ಊರಿನ ಅಪ್ಪಣೆಯನ್ನು ಮಾತ್ರ ತೊರೆದರು. 1970ರ ದಶಕದಲ್ಲಿ ಎದ್ದ ದಲಿತ ಚಳವಳಿಯ ಹೋರಾಟದ ಹಾಡುಗಳಿಗೆ ತಮಟೆಯೇ ಜೊತೆಯಾಯಿತು. ಕೋಲಾರದ ಬೆಟ್ಟದ ಮೇಲಿನ ತೇರಹಳ್ಳಿಯಲ್ಲಿ, ಕವಿಯೂ ನಾಟಕಕಾರರೂ ಆದ ಕೋಟಿಗಾನಹಳ್ಳಿ ರಾಮಯ್ಯನವರು ಕಟ್ಟಿದ ‘ಆದಿಮ’ವೆಂಬ ಕೇಂದ್ರವು ‘ಹುಣ್ಣಿಮೆ ಹಾಡು’ ಎಂಬ ಕೂಟಗಳಿಂದ ಪ್ರಸಿದ್ಧವಾಯಿತು. ಬೆಳದಿಂಗಳಲ್ಲಿ ಹಾಡುವವರೂ ಕೇಳುವವರೂ ಒಂದೇ ನೆಲದ ಮೇಲೆ ಕುಳಿತ ಈ ಏರ್ಪಾಡನ್ನು, ಕೇರಿಯೂ ಊರೂ ಬೇರೆಯಾಗಿರುವ ಸೀಮೆಯಲ್ಲಿ, ಅಲ್ಪವೆನ್ನಲಾಗದು.

ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀಯು ಸಂದುದು ತಮಟೆಯ ವಾದನಕ್ಕಾಗಿಯೇ. ವೇದಿಕೆಯಲ್ಲಿಯೂ ಬಡಿತಗಳು ಅವೇ, ಬೆಂಕಿಯೂ ಅದೇ. ಅಲ್ಲಿ ಬಾರಿಸುವವನು ‘ಒಲ್ಲೆ’ನೆಂದರೆ ಅವನ ಕೇರಿಗೆ ನೀರು ನಿಲ್ಲುವುದಿಲ್ಲ.