ಕಾಗೋಡಿನ ಕೊಳಗ

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಜಗಳ ಎದ್ದದ್ದು ಭತ್ತ ಅಳೆಯುವ ಕೊಳಗದ ಗಾತ್ರಕ್ಕೆ. ಗೇಣಿ ಅಳೆದುಕೊಳ್ಳುವಾಗ ಒಡೆಯರು ದೊಡ್ಡ ಕೊಳಗ ಹಿಡಿಯುತ್ತಿದ್ದರು. ವರ್ಷವಿಡೀ ಕೆಸರಲ್ಲಿ ದುಡಿದವನ ರಾಶಿ ಕಣದಲ್ಲೇ ಕರಗುತ್ತಿತ್ತು. ಮೇಲೆ ಬಿಟ್ಟಿ ಚಾಕರಿ. ಗೇಣಿದಾರರಲ್ಲಿ ಹೆಚ್ಚಿನವರು ದೀವರು, ಭೂಮಾಲೀಕರು ಮೇಲ್ಜಾತಿಯವರು; ಹಾಗಾಗಿ ಅಳತೆಯ ಮೋಸದೊಳಗೆ ಅವಮಾನವೂ ಸೇರಿತ್ತು.

ಎಚ್. ಗಣಪತಿಯಪ್ಪ ರೈತ ಸಂಘ ಕಟ್ಟಿ ಈ ಜನರನ್ನು ಒಗ್ಗೂಡಿಸಿದರು. ಒಡೆಯರು ಉಳುಮೆಗೇ ಅಡ್ಡ ಬಂದಾಗ, 1951ರ ಏಪ್ರಿಲ್‌ನಲ್ಲಿ ರೈತರು ನೇಗಿಲು ಹೊತ್ತು ಗದ್ದೆಗಿಳಿದರು. ಪೊಲೀಸರು ಬಂಧಿಸಿದಷ್ಟೂ ಹೊಸ ತಂಡಗಳು ಬಂದವು. ಸಮಾಜವಾದಿಗಳು ಬೆನ್ನಿಗೆ ನಿಂತರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಸೆರೆಯಾದಾಗ ಕಾಗೋಡಿನ ಹೆಸರು ದೇಶಕ್ಕೆ ಗೊತ್ತಾಯಿತು.

ಈ ಸತ್ಯಾಗ್ರಹಕ್ಕೆ ಕೂಡಲೇ ಜಯ ಸಿಗಲಿಲ್ಲ. ಆದರೆ ಮರುವರ್ಷದ ಚುನಾವಣೆಯಲ್ಲಿ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಶಾಸಕರಾದರು, ಗೇಣಿದಾರನ ಮಾತು ವಿಧಾನಸಭೆಯೊಳಗೆ ಕೇಳಿಸತೊಡಗಿತು. ಮಲೆನಾಡಿನ ರಾಜಕಾರಣದ ದಿಕ್ಕು ತಿರುಗಿದ್ದು ಇಲ್ಲಿಯೇ ಎನ್ನಬೇಕು. ಅದೇ ಕಾಗೋಡಿನ ತಿಮ್ಮಪ್ಪನವರು ಮುಂದೆ ವಿಧಾನಸಭಾಧ್ಯಕ್ಷರೂ ಕಂದಾಯ ಸಚಿವರೂ ಆದರು.

ಕಾನೂನು ಮಾತ್ರ ನಿಧಾನವಾಗಿ ನಡೆಯಿತು. 1961ರ ಭೂ ಸುಧಾರಣಾ ಕಾಯ್ದೆಯಲ್ಲಿ ಒಡೆಯರಿಗೆ ನುಸುಳಲು ಸಂದುಗಳಿದ್ದವು. ದೇವರಾಜ ಅರಸು ಸರ್ಕಾರದ ತಿದ್ದುಪಡಿ ಬಂದ ಮೇಲೆ, 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರದ ವಶವಾಯಿತು. ಉಳುವವನು ಏಳನೇ ನಮೂನೆಯ ಅರ್ಜಿ ಹಾಕಿದರೆ ಭೂ ನ್ಯಾಯಮಂಡಳಿ ಹಕ್ಕು ತೀರ್ಮಾನಿಸುತ್ತಿತ್ತು. ಮಂಡಳಿಯಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದ ಸದಸ್ಯರೊಬ್ಬರು ಇರಲೇಬೇಕಿತ್ತು; ಮೊದಲಿಗೆ ವಕೀಲರಿಗೆ ಪ್ರವೇಶವೇ ಇರಲಿಲ್ಲ. ಹಣ ಕೊಟ್ಟು ವಾದ ಮಾಡಿಸುವ ಒಡೆಯನೆದುರು, ಓದು ಬರಹ ಬಾರದ ಗೇಣಿದಾರ ತನ್ನ ಗದ್ದೆಯ ಕಥೆಯನ್ನು ತಾನೇ ಹೇಳಲಿ ಎಂಬ ಈ ಏರ್ಪಾಡು, ಇಡೀ ಕಾಯ್ದೆಯ ಅತ್ಯಂತ ಮಾನವೀಯ ಭಾಗ. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗದಂಥ ಗೇಣಿ ಪದ್ಧತಿ ದಟ್ಟವಾಗಿದ್ದ ಜಿಲ್ಲೆಗಳಲ್ಲಿ ಇದರ ಫಲ ಕಣ್ಣಿಗೆ ಕಾಣುವಂತಿತ್ತು: ಒಕ್ಕಲು ಮನೆಗಳ ಮಕ್ಕಳು ಶಾಲೆ, ನೌಕರಿ, ಪಂಚಾಯಿತಿಗಳತ್ತ ಹೊರಟರು.

ಸಣ್ಣ ಗೇಣಿ ಆದಾಯವನ್ನೇ ನಂಬಿದ್ದ ಒಡೆಯರ ಮನೆಗಳೂ ಇದರಲ್ಲಿ ಸೋತವು. ಅದಕ್ಕಿಂತ ದೊಡ್ಡ ಕೊರತೆ ಬೇರೆಯಿತ್ತು. ಕಾಯ್ದೆ ಗೇಣಿದಾರನನ್ನು ಗುರುತಿಸಿತು, ಅವನ ಗದ್ದೆಯಲ್ಲೇ ನಾಟಿ ಮಾಡುತ್ತಿದ್ದ ಕೂಲಿಯನ್ನಲ್ಲ. ಗೇಣಿಯ ಹಕ್ಕೂ ಇಲ್ಲದ ದಲಿತ ಕುಟುಂಬಗಳಿಗೆ ದಕ್ಕಿದ್ದು ಬಹಳ ಕಡಿಮೆ; ಎಷ್ಟೋ ಕಡೆ ಹೊಸ ಮಾಲೀಕನೇ ಅವರಿಗೆ ಹೊಸ ಒಡೆಯನಾದ. ಭೂಮಿಯ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ: 2020ರಲ್ಲಿ ಕೃಷಿಕರಲ್ಲದವರಿಗೂ ಕೃಷಿ ಜಮೀನು ಕೊಳ್ಳುವ ದಾರಿ ತೆರೆದ ತಿದ್ದುಪಡಿ ಬಂದಾಗ ರೈತ ಸಂಘಟನೆಗಳೊಂದಿಗೆ ದಲಿತ ಸಂಘಟನೆಗಳೂ ಬೀದಿಗಿಳಿದವು.