ತಿಳಿ ಬಣ್ಣವೋ, ಗಾಢ ಬಣ್ಣವೋ? ಮೊದಲು ಕಿಟಕಿ ನೋಡಿ!

ಮನೆಗೆ ಬಣ್ಣ ಹೊಡೆಸಬೇಕು ಅಂದಾಗ ನಾವೆಲ್ಲ ಮೊದಲು ನೋಡೋದು ಮೊಬೈಲ್. ಕಳೆದ ದೀಪಾವಳಿಗೆ ನಾನೂ ಅದನ್ನೇ ಮಾಡಿದೆ. ರೀಲ್ಸ್‌ನಲ್ಲಿ ಕಂಡ ಗಾಢ ಬೂದು ಬಣ್ಣ ಹಿಡಿಸಿತು. ತಿಕೋಟಾದ ಹಳೇ ಮನೆಯಲ್ಲಿ ಅಪ್ಪನ ಕೋಣೆಗೆ ಅದನ್ನೇ ಹೊಡೆಸಿದೆ.

ಮರುದಿನದಿಂದ ಅಪ್ಪ ಪೇಪರ್ ಹಿಡಿದು ಹೊರಗಿನ ಕಟ್ಟೆಗೆ ಬಂದು ಕೂರತೊಡಗಿದರು. ಕೇಳಿದರೆ, "ಬಣ್ಣ ಚಂದ ಐತಿ ತಮ್ಮಾ, ಆದ್ರ ಒಳಗ ಅಕ್ಷರ ಕಾಣವಲ್ವು" ಅಂದರು.

ಆ ಕೋಣೆಗೆ ದಪ್ಪ ಕಲ್ಲಿನ ಗೋಡೆ, ಒಂದೇ ಸಣ್ಣ ಕಿಟಕಿ. ಬಂದಷ್ಟು ಬೆಳಕನ್ನು ಹಳೇ ಸುಣ್ಣದ ಗೋಡೆ ಮೂಲೆಮೂಲೆಗೂ ಹಂಚುತ್ತಿತ್ತು. ಹೊಸ ಬಣ್ಣ ಅದನ್ನು ನುಂಗಿಬಿಟ್ಟಿತು.

ಇದಕ್ಕೊಂದು ಅಳತೆ ಇದೆ, ಎಲ್‌ಆರ್‌ವಿ. ಬಣ್ಣ ಎಷ್ಟು ಬೆಳಕನ್ನು ವಾಪಸ್ ಕೊಡುತ್ತೆ ಅನ್ನೋ ಅಂಕಿ ಅದು. ಕಪ್ಪಿಗೆ 0, ಬಿಳಿಗೆ 100. ತಿಳಿ ಕ್ರೀಮ್, ಆಫ್‌ವೈಟ್ ಸಾಮಾನ್ಯವಾಗಿ 70ರ ಮೇಲಿರುತ್ತವೆ. ಗಾಢ ಬೂದು 20ರ ಆಸುಪಾಸು ಅಥವಾ ಇನ್ನೂ ಕೆಳಗೆ. ಅಂಗಡಿಯಲ್ಲಿ ಕೇಳಿ ನೋಡಿ.

ಹಾಗಂತ ತಿಳಿ ಬಣ್ಣವೇ ಎಲ್ಲ ಕಡೆ ಗೆಲ್ಲೋದಿಲ್ಲ. ವಿಜಯಪುರದ ನನ್ನ ಫ್ಲಾಟಿನಲ್ಲಿ ಪಡುವಣಕ್ಕೆ ದೊಡ್ಡ ಕಿಟಕಿ. ಸಂಜೆ ಬಿಸಿಲಿಗೆ ಕ್ರೀಮ್ ಗೋಡೆ ಲ್ಯಾಪ್‌ಟಾಪ್ ಪರದೆಯಲ್ಲಿ ಹೊಳೆದು ಕಣ್ಣು ಉರಿಯುತ್ತಿತ್ತು. ಉಳಿದಿದ್ದ ಬೂದು ಬಣ್ಣವನ್ನು ಆ ಒಂದು ಗೋಡೆಗೆ ಹೊಡೆಸಿದೆ, ಕಣ್ಣಿಗೆ ಹಾಯ್ ಅನ್ನಿಸಿತು. ಸೆಕೆ ಹೆಚ್ಚಾಗಲ್ವಾ ಅಂತೀರಾ? ಒಳಗೋಡೆಯ ಬಣ್ಣದಿಂದ ಅಂಥಾ ವ್ಯತ್ಯಾಸ ಆಗೋದಿಲ್ಲ. ಸೆಕೆ ಕಡಿಮೆಯಾಗಬೇಕಿದ್ದರೆ ಮನೆಯ ಮೇಲ್ಛಾವಣಿಗೆ ಬಿಳಿ ಲೇಪನ ಹಾಕಿಸಿ.

ಬಬಲೇಶ್ವರದ ಅಕ್ಕನ ಮನೆಯದು ಬೇರೆ ಕಥೆ. ಸುತ್ತ ಎರೆಭೂಮಿ, ಒಳಗೆ ಎರಡು ಪುಟ್ಟ ಮಕ್ಕಳು. ಹಾಲ್‌ನ ತಿಳಿ ಗೋಡೆ ಮೇಲೆ ಕೈ ಗುರುತು. ಗಾಢ ಬಣ್ಣದ ಕೋಣೆಯಲ್ಲಿ ಗೀರು, ಒರೆಸಿದ ಗೆರೆ ಎದ್ದು ಕಾಣುತ್ತವೆ. ಎರಡಕ್ಕೂ ಅದರದರ ಕಾಟ! ಮಕ್ಕಳಿರುವ ಮನೆಗೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದಾದ ಪೇಂಟ್ ತಗೊಳ್ಳಿ.

ಅಪ್ಪನ ಕೋಣೆಗೆ ಮತ್ತೆ ಆಫ್‌ವೈಟ್ ಹೊಡೆಸಿದೆ. ಗಾಢ ಬಣ್ಣ ಮುಚ್ಚಲು ಪ್ರೈಮರ್, ಮೇಲೆ ಇನ್ನೊಂದು ಕೋಟ್, ಕೂಲಿ ಬೇರೆ. ದುಡ್ಡು ಹೋಯ್ತು, ಅಪ್ಪನ ಕುರ್ಚಿ ಒಳಗೆ ಬಂತು.

ನೀವು ಈ ತಪ್ಪು ಮಾಡಬೇಡಿ. ಸಣ್ಣ ಡಬ್ಬಿ ತಂದು, ಎರಡಡಿ ರಟ್ಟಿಗೆ ಹಚ್ಚಿ ಗೋಡೆಗೆ ಆನಿಸಿಡಿ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಲೈಟ್ ಹಾಕಿ ನೋಡಿ. ಆ ಕೋಣೆಯಲ್ಲಿ ಇರೋರನ್ನೂ ಒಂದು ಮಾತು ಕೇಳಿ. ನಾನು ಅಪ್ಪನನ್ನು ಕೇಳಿರಲಿಲ್ಲ.