ಮಕ್ಕಳಿಗೂ ಬಿಪಿ ನೋಡಿಸಿ

ಬಿಪಿ ಅಜ್ಜ-ಅಜ್ಜಿಯರ ಕಾಯಿಲೆ, ಮಕ್ಕಳು ಗುಂಡಗಿದ್ದಷ್ಟೂ ಚೆನ್ನ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ದೇಶದ 10ರಿಂದ 19 ವರ್ಷದವರಲ್ಲಿ ನೂರಕ್ಕೆ ಸುಮಾರು ಐವರಿಗೆ ಅಧಿಕ ರಕ್ತದೊತ್ತಡ, ಐವರಿಗೆ ಅತಿತೂಕ ಇದೆಯೆಂದು 2016-18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕಾಂಶ ಸಮೀಕ್ಷೆ ಹೇಳಿತು. ಇನ್ನು 24 ಮಂದಿ ವಯಸ್ಸಿಗೆ ತಕ್ಕ ಮೈಯಿಲ್ಲದೆ ಸೊರಗಿದವರು. ಕೊಡಗಿನಲ್ಲೂ ಮಡಿಕೇರಿ, ಕುಶಾಲನಗರದಂಥ ಪೇಟೆಯ ಮಕ್ಕಳ ಬದುಕು ಒಂದು ಬಗೆ, ತೋಟದ ಲೈನ್‌ಮನೆ ಮತ್ತು ಹಾಡಿಗಳ ಮಕ್ಕಳದು ಇನ್ನೊಂದು. ಎರಡೂ ಕಡೆ ಕಣ್ಣಂದಾಜು ಸಾಲದು. ತೆಳ್ಳಗಿನ ಮಗುವಿಗೂ ಕಿಡ್ನಿಯ ದೋಷದಿಂದ ಬಿಪಿ ಏರಬಹುದು.

ತೂಕದೊಂದಿಗೆ ಒತ್ತಡ ಏಕೆ ಏರುತ್ತದೆ?

ಮೈಯಲ್ಲಿ ಕೊಬ್ಬು ಹೆಚ್ಚಾದಾಗ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ. ಆಗ ಮೂತ್ರದಲ್ಲಿ ಹೊರಹೋಗಬೇಕಾದ ಉಪ್ಪನ್ನು ಕಿಡ್ನಿಗಳು ಉಳಿಸಿಕೊಳ್ಳುತ್ತವೆ. ಉಪ್ಪಿದ್ದಲ್ಲಿ ನೀರೂ ನಿಲ್ಲುತ್ತದೆ, ರಕ್ತದ ಪ್ರಮಾಣ ಹೆಚ್ಚುತ್ತದೆ. ಜೊತೆಗೆ ರಕ್ತನಾಳಗಳೂ ಬಿಗಿಯುತ್ತವೆ. ಹೀಗೆ ವರ್ಷಗಟ್ಟಲೆ ಹೆಚ್ಚು ದುಡಿದು ಹೃದಯದ ಎಡಭಾಗದ ಗೋಡೆ ದಪ್ಪವಾಗುತ್ತದೆ. ಮಗುವಿಗೆ ಮಾತ್ರ ಸಾಮಾನ್ಯವಾಗಿ ನೋವೂ ಇಲ್ಲ, ಸುಸ್ತೂ ಇಲ್ಲ. ಅಳೆದರಷ್ಟೇ ತಿಳಿಯುವುದು.

ಅಳೆಯುವ ಬಗೆ

ಓಡಿಬಂದ ಮಗುವಿನ ತೋಳಿಗೆ ತಕ್ಷಣ ಪಟ್ಟಿ ಸುತ್ತಬಾರದು. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ತಾಗುವಂತೆ ಐದು ನಿಮಿಷ ಕೂರಿಸಬೇಕು. ಬಲತೋಳು ಎದೆಯ ಮಟ್ಟದಲ್ಲಿರಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಕಾಣುತ್ತದೆ, ತೆಳು ತೋಳಿಗೆ ದೊಡ್ಡದನ್ನು ಸುತ್ತಿದರೆ ಇರುವ ಬಿಪಿ ಮರೆಯಾಗುತ್ತದೆ. ಹೆದರಿಕೆಯಿಂದಲೂ ಅಂಕಿ ಏರುವುದರಿಂದ ಮೂರು ಬೇರೆ ಬೇರೆ ದಿನ ನೋಡಿದ ಮೇಲೆಯೇ ತೀರ್ಮಾನ. 13 ತುಂಬಿದವರಲ್ಲಿ 130/80 ಮುಟ್ಟಿದರೆ ಅಧಿಕ. ಅದಕ್ಕಿಂತ ಚಿಕ್ಕವರಿಗೆ ವಯಸ್ಸು, ಲಿಂಗ, ಎತ್ತರ ಮೂರನ್ನೂ ಕೋಷ್ಟಕದಲ್ಲಿ ನೋಡಬೇಕು. ತೂಕಕ್ಕೂ ದೊಡ್ಡವರ ಬಿಎಂಐ ಅಳತೆ ಹೊಂದದು. 5ರಿಂದ 18 ವರ್ಷದವರಿಗೆ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ 2015ರ ಕೋಷ್ಟಕಗಳಿವೆ.

ಮನೆಯಲ್ಲಿ, ಶಾಲೆಯಲ್ಲಿ

ದೋಷ ಕಡಂಬುಟ್ಟಿನದಲ್ಲ, ನೂಪುಟ್ಟಿನದೂ ಅಲ್ಲ. ಅವು ಹಬೆಯಲ್ಲಿ ಬೆಂದವು. ಉಪ್ಪು ಅಡಗಿರುವುದು ಒಣಮೀನು, ಉಪ್ಪಿನಕಾಯಿ, ಹಪ್ಪಳ, ಚಿಪ್ಸ್, ನೂಡಲ್ಸ್ ಪೊಟ್ಟಣದ ಮಸಾಲೆಯಲ್ಲಿ. ದೊಡ್ಡವರಿಗೇ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳಿಗೆ ಇನ್ನೂ ಕಡಿಮೆ. ಪಂದಿಕರಿ ಹಬ್ಬಕ್ಕಿರಲಿ, ನೆಣ ಕಡಿಮೆಯಿರಲಿ. ಬಾಟಲಿ ಜ್ಯೂಸಿನ ಬದಲು ಕಿತ್ತಳೆಯನ್ನೇ ಸುಲಿದು ಕೊಡಿ.

ಬೆಳೆಯುವ ಮಗುವಿಗೆ ದಿನಕ್ಕೆ 60 ನಿಮಿಷ ಮೈಬೆವರುವ ಆಟ ಬೇಕು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಹಾಕಿ ಹಬ್ಬದಿಂದ ಬೇಸಿಗೆ ಕಳೆಗಟ್ಟುತ್ತದೆ. ಆದರೆ ಹಾಕಿ ನೋಡಿದರೆ ತೂಕ ಇಳಿಯದು, ಆಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಕೆಸರಾದಾಗ ಶಾಲೆಯ ಜಗಲಿಯಲ್ಲೇ ಹಗ್ಗದಾಟ, ಕುಣಿತ ನಡೆಯಲಿ. ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡುವುದು ನಿಲ್ಲಲಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಬರುತ್ತದೆ. ಆ ದಿನ ಮಗುವನ್ನು ತಪ್ಪದೆ ಕಳಿಸಿ. ಖಾಸಗಿ ಶಾಲೆಯಾದರೆ ಜ್ವರಕ್ಕೆಂದು ಡಾಕ್ಟರ ಬಳಿ ಹೋದಾಗ, ಅಥವಾ ಹುಟ್ಟುಹಬ್ಬದ ತಿಂಗಳಲ್ಲಿ, ಬಿಪಿಯನ್ನೂ ನೋಡಿ ಎಂದು ನೀವೇ ಕೇಳಿ.